ಕೌದಿಗೆ ಕೊನೆಯ ತುತ್ತು

ಇಲಿ ಬಿದ್ದರೆ ಊರು ಬಿಡಬೇಕು. ಯಲಬುರ್ಗಾ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲೊಮ್ಮೆ, ಮಾರ್ಗಶಿರ ಹಿಡಿಯುವ ಹೊತ್ತಿಗೆ, ಆ ಸೀಮೆಯ ಮಂಗಳೂರೆಂಬ ಹಳ್ಳಿಯಲ್ಲಿ ಜಂತಿಯ ಮೇಲಿಂದ ಇಲಿಗಳು ಸತ್ತು ಬೀಳತೊಡಗಿದವು. ಪ್ಲೇಗು ಬಂತು ಅಂತ ಎರಡೇ ದಿನಕ್ಕೆ ಊರೆಲ್ಲ ಖಾಲಿ. ಮಂದಿ ಕರಿಮಣ್ಣಿನ ಎರಿ ಹೊಲದ ಬದುವಿನಲ್ಲಿ ಜೋಳದ ಸೊಪ್ಪೆಯ ಗುಡಿಸಲು ಹಾಕಿಕೊಂಡು ಕೂತರು. ಇಲಿಯ ಚಿಗಟ ಹತ್ತಿ ಬರುತ್ತದೆ, ಮನೆಯಿಂದ ಅರಿವೆ ಹಾಸಿಗೆ ಏನೂ ತರಕೂಡದು, ಬೀಗ ಹಾಕಿದ ಮನೆಗೆ ಮರಳಿ ಕಾಲಿಡಕೂಡದು ಅಂತ ತಳವಾರ ಡಂಗುರ ಸಾರಿದ್ದ. ಸಾರುವುದಕ್ಕೇನು, ಬಾಯಿದ್ದರೆ ಸಾಕು. ನಿಜಾಮರ ರಾಜ್ಯದಲ್ಲಿ ಆಗ ಹೊಸ ಅರಿವೆ ಕಣ್ಣಿಗೂ ಸಿಗುತ್ತಿರಲಿಲ್ಲ. ಆ ಬಯಲುಗಾಳಿಗೆ ಮಂದಿ ಏನು ಹೊದ್ದುಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಸಾರಲಿಲ್ಲ.

ಕನಕಮ್ಮ ಹಳೆಯ ಅರಿವೆ ಕೂಡಿಸಿ ಕೌದಿ ಹೊಲಿಯುವವಳು. ಊರಿನ ಅರ್ಧ ಮಂದಿ ಅವಳು ಹೊಲಿದದ್ದನ್ನೇ ಹೊದ್ದು ಮಲಗುತ್ತಿದ್ದರು. ಅಂಥವಳ ಮಗಳು, ಎಂಟು ವರ್ಷದ ಪಾರಮ್ಮ, ಗೋಣಿಚೀಲದಲ್ಲಿ ಕಾಲು ತೂರಿಸಿಕೊಂಡು ಗಡಗಡ ನಡುಗುತ್ತಿದ್ದಳು. ತಾಯಿ ಮೂರು ದಿನ ನೋಡಿದಳು. ನಾಲ್ಕನೆಯ ದಿನ ಮಧ್ಯಾಹ್ನ ತಳವಾರನ ಕಣ್ಣು ತಪ್ಪಿಸಿ ಊರೊಳಗೆ ಹೋಗಿ, ಬೀಗ ತೆಗೆದು, ಮಗಳಿಗೆಂದೇ ಹೊಲಿದಿಟ್ಟಿದ್ದ ಕೌದಿಯನ್ನು ಎದೆಗವಚಿಕೊಂಡು ತಂದಳು. ಬಿಸಿಲಿಗೂ ಹಾಕಲಿಲ್ಲ. ಅವತ್ತು ಕೂಸು ಬೆಚ್ಚಗೆ ಮಲಗಿದ್ದನ್ನು ನೋಡಿ ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ... ಇರಲಿ. ವಾರದೊಳಗೆ ಹುಡುಗಿಯ ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಎರಡು ದಿನಕ್ಕೆ ಜೀವ ಹೋಯಿತು. ಕೌದಿಯನ್ನು ಸುಟ್ಟರು.

ಗಂಡ ಯಮನೂರಪ್ಪ ಒಂದು ಮಾತೂ ಬೈಯಲಿಲ್ಲ. ಕುರಿ ಹೊಡೆದುಕೊಂಡು ಕುಷ್ಟಗಿ ಕಡೆ ಹೋದವನು ಮರಳಿ ಬರಲೂ ಇಲ್ಲ. ಬೈದಿದ್ದರೇ ಒಳ್ಳೆಯದಿತ್ತು ಅಂತ ಕನಕಮ್ಮನಿಗೆ ಅನ್ನಿಸುತ್ತಿತ್ತು. ಬೈಯುವ ಆ ಕೆಲಸವನ್ನು ಅವಳೇ ವಹಿಸಿಕೊಂಡಳು. ಉಟ್ಟ ಒಂದೇ ಸೀರೆಯಲ್ಲಿ ಗುಡಿಸಲ ಹೊರಗೆ, ಗಾಳಿಗೆ ಮುಖ ಕೊಟ್ಟು ಕೂತುಬಿಡುತ್ತಿದ್ದಳು. ಒಲೆಯ ಹತ್ತಿರ ಬಾ ಅಂದರೆ ಇಲ್ಲ, ರೊಟ್ಟಿ ತಿನ್ನು ಅಂದರೆ ಇಲ್ಲ. ತುಟಿ ಒಡೆದು ರಕ್ತ ಬರುತ್ತಿತ್ತು. ಕಣ್ಣಲ್ಲಿ ಮಾತ್ರ ಒಂದು ಹನಿ ನೀರಿರಲಿಲ್ಲ. ಹೀಗೇ ಬಿಟ್ಟರೆ ಈ ಹೆಂಗಸು ಪುಷ್ಯ ದಾಟುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೇ.

ಪಕ್ಕದ ಗುಡಿಸಲಿನ ದಾವಲಬೀ ಒಂಟಿ ಮುದುಕಿ. ಬಾಯಿ ಜೋರು, ಎದೆಯಲ್ಲಿ ಕೆಮ್ಮು. ಮಗ ಅಮೀನಸಾಬ ಕೊಪ್ಪಳದಲ್ಲಿ ಗಾಡಿ ಹೊಡೆಯುತ್ತಿದ್ದ. ಅವನು ಕಳಿಸಿದ್ದ ಹಳೆಯ ಧೋತರ, ಹರಕು ಸೀರೆಗಳನ್ನು ಮುದುಕಿ ಬೂದಿನೀರಲ್ಲಿ ಕುದಿಸಿ, ಒಣಗಿಸಿ, ಒಂದು ಮುಂಜಾನೆ ತಂದು ಕನಕಮ್ಮನ ಮುಂದೆ ಎಸೆದಳು. ತನಗೊಂದು ಕೌದಿ ಬೇಕು ಅಂದಳು.

"ನನ್ನ ಕೈ ಛಲೋ ಇಲ್ಲ ದೊಡ್ಡವ್ವ," ಎಂದಳು ಕನಕಮ್ಮ. "ಕೂಸನ್ನ ಕೊಂದ ಕೈ ಇದು."

ಮುದುಕಿ ಸಮಾಧಾನ ಹೇಳಲಿಲ್ಲ. ನೀನು ಹೋಗಬಾರದಿತ್ತು, ಅದು ಖರೆ, ಅಂದಳು. ಆಮೇಲೆ ಕೆಮ್ಮು ನಿಲ್ಲುವವರೆಗೆ ತಡೆದು ಕೇಳಿದಳು:

"ನಿನ್ನ ಪಾರಿ ದೊಡ್ಡಾಕಿ ಆಗಿ, ಆಕಿ ಕೂಸಿಗೆ ಚಳಿ ಆಗಿ, ಆಕಿನೂ ಹಿಂಗ ಹೋಗಿ ಕೌದಿ ತಂದಿದ್ರ, ಆಕಿನ್ನ ಗಾಳಿಯಾಗ ಕುಂದರಸ್ತಿದ್ದೇನು? ಒಂದು ತುತ್ತು ಹಾಕತಿದ್ದಿಲ್ಲೇನು?"

ಕನಕಮ್ಮ ಅರಿವೆಗಳನ್ನು ಮುಟ್ಟಲೇ ಇಲ್ಲ. ಆರು ದಿನ ಅವು ಬಿದ್ದಲ್ಲೇ ಬಿದ್ದಿದ್ದವು. ಏಳನೆಯ ದಿನ ಮುದುಕಿಯ ಕೆಮ್ಮು ಕೇಳಲಾರದೆ ಸೂಜಿ ಹಿಡಿದಳು. ಬೆರಳು ಸೆಟೆದು ದಾರ ಪೋಣಿಸುವುದಕ್ಕೇ ಆಗಲಿಲ್ಲ. ಕೈ ಕಾಸಿಕೊಳ್ಳದೆ ಹೊಲಿಗೆ ಸಾಗುವಂತಿರಲಿಲ್ಲವಾಗಿ ಒಲೆಯ ಹತ್ತಿರ ಹೋದಳು. ಇದು ಕೌದಿಯ ಸಲುವಾಗಿ, ನನ್ನ ಸಲುವಾಗಿ ಅಲ್ಲ, ಅಂತ ತನಗೆ ತಾನೇ ಹೇಳಿಕೊಂಡಳು. ಯಾರು ಕೇಳಿದ್ದರೋ ಅವಳನ್ನು!

ಮೂರು ಮೂಲೆ ಮುಗಿದವು. ನಾಲ್ಕನೆಯದನ್ನು ಮುಚ್ಚುವ ಮುನ್ನ ಒಳಗೊಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಅಂತ ಅವಳ ಅವ್ವ ಕಲಿಸಿದ್ದಳು. ಆ ಚೂರು ಇಡುವ ಮೊದಲೇ ದಾವಲಬೀ ಹೋಗಿಬಿಟ್ಟಳು. ಪ್ಲೇಗಲ್ಲ, ಗಂಟಲ್ಲ. ಚಳಿಗೆ ಎದೆ ಕಟ್ಟಿ, ಗೋಣಿಚೀಲ ಹೊದ್ದುಕೊಂಡೇ ಸತ್ತಳು.

ಅಮೀನಸಾಬ ಬಂದು ತಾಯಿಗೆ ಮಣ್ಣು ಕೊಟ್ಟ. ಕನಕಮ್ಮ ಕೌದಿ ಹಿಡಿದು ಅವನ ಮುಂದೆ ನಿಂತಳು. ಆರು ದಿನ ಸುಮ್ಮನೆ ಕೂತಿದ್ದನ್ನು ಹೇಳಿದಳು, ಏನೂ ಮುಚ್ಚಿಡಲಿಲ್ಲ. ಅವನು ಕೌದಿಯ ಅಂಚು ಮುಟ್ಟಿ ನೋಡಿದ. ಮುಗಿಸಿ ನೀವೇ ಹೊದ್ದುಕೊಳ್ಳಿರಿ ಅಂದು ಕೊಪ್ಪಳದ ದಾರಿ ಹಿಡಿದ. ಕ್ಷಮಿಸಿದನೋ, ಬೇಸತ್ತನೋ, ಅವಳಿಗೆ ತಿಳಿಯಲಿಲ್ಲ.

ಅವತ್ತೇ ಇನ್ನೆರಡು ಗುಡಿಸಲಲ್ಲಿ ಗಂಟು ಎದ್ದ ಸುದ್ದಿ ಬಂತು. ಪುಷ್ಯ ಇನ್ನೂ ಅರ್ಧ ಉಳಿದಿತ್ತು. ಕನಕಮ್ಮ ಹೊರಗೆ ತನ್ನ ಎಂದಿನ ಜಾಗದಲ್ಲಿ ಕೂತಳು. ತನ್ನ ಕೈಯಿಂದ ಹೋದದ್ದು ಒಂದಲ್ಲ, ಈಗ ಎರಡು ಜೀವ: ಮಗಳು, ಮುದುಕಿ. ತನ್ನನ್ನು ಬೈದುಕೊಳ್ಳಲು ಹೊರಟಳು. ಆದರೆ ಎಷ್ಟು ದಿನದಿಂದ ಅದೇ ಬೈಗುಳ, ಅದೂ ಹಳಸಿಹೋಗಿತ್ತು. ತೊಡೆಯ ಮೇಲೆ ಕೌದಿಯ ನಾಲ್ಕನೆಯ ಮೂಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಣ ರೊಟ್ಟಿ ಮುರಿದು ಒಂದು ಚೂರು ಒಳಗಿಟ್ಟಳು, ಹೊಲಿದಳು, ದಾರವನ್ನು ಹಲ್ಲಿನಿಂದ ಕಡಿದಳು. ಉಳಿದ ರೊಟ್ಟಿ ಕೈಯಲ್ಲೇ ಇತ್ತು.

ಪಾರಿಯ ಮುಖ ಕಣ್ಣಿಗೆ ಕಟ್ಟಿತು. ಸತ್ತ ಕೂಸಿನ ಮುಖವಲ್ಲ. ಬೆಳೆದು ದೊಡ್ಡವಳಾಗಿ, ತಪ್ಪು ಮಾಡಿ, ತುಟಿ ಒಡೆದುಕೊಂಡು ಗಾಳಿಗೆ ಕೂತಿದ್ದ ಪಾರಿ.

"ತಿನ್ನವ್ವ," ಅಂದಳು ಕನಕಮ್ಮ. "ತಿಂದು ಒಳಗ ನಡಿ."

ಅಲ್ಲಿ ಯಾರೂ ಇರಲಿಲ್ಲ. ರೊಟ್ಟಿಯನ್ನು ತಾನೇ ತಿಂದಳು. ಒಡೆದ ತುಟಿಗೆ ತಾಗಿ ಉರಿಯಿತು. ಒಳಗೆ ಹೋಗಿ ಕೌದಿ ಹೊದ್ದುಕೊಂಡಳು. ಮೈ ಬೆಚ್ಚಗಾಗುತ್ತ ಬಂದಂತೆ, ಮಗಳು ಹೋದ ದಿನ ಬಾರದೆ ನಿಂತಿದ್ದ ಅಳು ಬಂತು.