ಖೇರಾಳ ಹಾಡಿಗೆ ಎಷ್ಟು ತಂತಿ

ನನಗೆ ಅರಳುಮರಳು ಅಂತ ಆಡಿಕೊಳ್ಳುವವರು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ಆ ಮದುವೆಯಲ್ಲಿ ಲಖ್ದರ್ ಐದು ತಂತಿಯ ಬೇಸ್ ಗಿಟಾರ್ ನುಡಿಸಿದ ಎಂದು ಓರಾನಿನ ಕಾಫಿ ಅಂಗಡಿಗಳಲ್ಲಿ ಕೊಚ್ಚಿಕೊಳ್ಳುವ ನೀವು ಆಗ ಹುಟ್ಟಿರಲೂ ಇಲ್ಲ. ಅವನ ಪಕ್ಕದಲ್ಲಿ ದರ್ಬೂಕಾ ಡೋಲು ಬಡಿಯುತ್ತ ಕೂತಿದ್ದವನು ನಾನು.

ಖೇರಾ ನಮ್ಮ ತಂಡದ ಹಾಡುಗಾರ್ತಿ. ಗಂಟಲಿನ ಆಪರೇಷನ್ ಆದಮೇಲೆ ಅವಳ ದನಿ ಪಾತಾಳಕ್ಕಿಳಿದಿತ್ತು. ಮೇಲೆ ಹೋದರೆ ಹಳೇ ಬಟ್ಟೆ ಹರಿದಂತೆ ಸೀಳುತ್ತಿತ್ತು. ಕೀಬೋರ್ಡಿನವನಿಗೇನು, ಗುಂಡಿ ಒತ್ತಿ ಶ್ರುತಿ ಇಳಿಸಿದ. ಲಖ್ದರನ ನಾಲ್ಕು ತಂತಿಯಲ್ಲಿ ಅಷ್ಟು ಕೆಳಗಿನ ಸ್ವರವೇ ಇರಲಿಲ್ಲ. ಅದನ್ನೇ ಮೇಲಿನ ಸ್ಥಾಯಿಯಲ್ಲಿ ನುಡಿಸಿದರೆ, ಬೇಸಿನ ಬೆನ್ನು ಹಿಡಿದೇ ಹಾಡಿ ಅಭ್ಯಾಸವಾದ ಖೇರಾ ತಾನೂ ಮೇಲೆ ಹತ್ತಿ ಗಂಟಲು ಒಡೆದುಕೊಳ್ಳುತ್ತಿದ್ದಳು.

ತಂಡದ ಯಜಮಾನ ಬೆನೌದಾ ಕಡ್ಡಿ ಮುರಿದಂತೆ ಹೇಳಿಬಿಟ್ಟ: ಗುರುವಾರದ ಮದುವೆಯಲ್ಲೂ ದನಿ ಒಡೆದರೆ ಮೈಕು ತನ್ನ ತಂಗಿಯ ಮಗಳಿಗೆ. ಖೇರಾಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಮೈಕು.

ಲಖ್ದರ್ ಯಾರದೋ ಐದು ತಂತಿಯ ಗಿಟಾರ್ ಎರವಲು ತಂದ. ಐದನೆಯ ದಪ್ಪ ತಂತಿಯಲ್ಲಿ ಬೇಕಾದ ಸ್ವರವಿತ್ತು. ಆದರೆ ಅದರ ಕುತ್ತಿಗೆ ಅಗಲ. ವ್ಯಾನಿನ ಬಾಗಿಲಿಗೆ ಸಿಕ್ಕಿ ಮರಗಟ್ಟಿದ್ದ ಅವನ ಬೆರಳುಗಳು ಅಲ್ಲಿಗೆ ಚಾಚಲೇ ಇಲ್ಲ. ಖೇರಾ ನೋಡುತ್ತ ನಿಂತಿದ್ದಳು.

“ಬಿಟ್ಬಿಡು ಖೂಯಾ, ನನ್ನಣ್ಣಾ. ಮನೇಲಿ ಕೂಸ್ಕೂಸ್ ಬೇಯಿಸ್ಕೊಂಡು ಬಿದ್ದಿರ್ತೀನಿ.”

“ನಿನ್ನ ಕೂಸ್ಕೂಸ್ ತಿನ್ನೋದಕ್ಕಿಂತ ಈ ಬೆರಳು ಮುರ್ಕೊಳ್ಳೋದೇ ವಾಸಿ, ಲಾಲ್ಲಾ ತಾಯಿ.”

ಅವಳು ನಗಲಿಲ್ಲ.

ಅವನು ಆ ದಪ್ಪ ತಂತಿಯನ್ನು ಕಳಚಿ ತನ್ನ ಹಳೇ ಗಿಟಾರಿಗೆ ಬಿಗಿದ. ತಂತಿ ಕೂರುವ ಗೀರು ಸಾಲದೆ ಅರದಿಂದ ಉಜ್ಜಿ ಅಗಲ ಮಾಡಿದ. ತೀರ ತೆಳ್ಳಗಿನದನ್ನು ತೆಗೆದುಹಾಕಿ ಉಳಿದವನ್ನು ಒಂದೊಂದು ಜಾಗ ಸರಿಸಿದ. ಮತ್ತೆ ನಾಲ್ಕೇ ತಂತಿ, ಕೆಳಗಿನ ಸ್ವರವೂ ಸಿಕ್ಕಿತು. ಸರಿ, ಕೈಗೆ ಯಾರು ಹೇಳಬೇಕು? ಜೀವಮಾನವೆಲ್ಲ ಹಳೇ ಜಾಗಕ್ಕೇ ಹೋದ ಕೈ ಅದು.

ಮದುವೆಯಲ್ಲಿ ಮೊದಲ ಹಾಡಿಗೇ ಅವನ ಬೆರಳು ಹಳೇ ಜಾಗಕ್ಕೆ ಹೋಯಿತು. ಅಪಸ್ವರ. ಖೇರಾ ತಡವರಿಸಿದಳು, ದನಿ ಸೀಳಿತು. ಕುಣಿಯುತ್ತಿದ್ದ ಹೆಂಗಸರು ನಿಂತರು. ಬೆನೌದಾ ಸನ್ನೆ ಮಾಡಿದ, ಅವನ ತಂಗಿಯ ಮಗಳು, ಆ ಹುಡುಗಿ, ಉಡುಪಿನ ಮಡಿಕೆ ಸರಿಮಾಡಿಕೊಂಡು ಎದ್ದೇಬಿಟ್ಟಳು.

ಲಖ್ದರ್ ಪೆಟ್ಟಿಗೆಯಿಂದ ಇಕ್ಕಳ ತೆಗೆದು ಟಕ್ ಟಕ್ ಟಕ್ ಎಂದು ತಂತಿಗಳನ್ನು ಕತ್ತರಿಸಿದ. ದಪ್ಪನೆಯದೊಂದೇ ಉಳಿಯಿತು.

“ಏನ್ ಮಾಡ್ತಿದೀಯೋ ಹುಚ್ಚಾ?” ಎಂದು ಬೆನೌದಾ ಹಲ್ಲು ಕಡಿದ.

“ಕೈಗೆ ತಪ್ಪೋಕೆ ಜಾಗಾನೇ ಇರ್ಬಾರ್ದು,” ಎಂದ ಲಖ್ದರ್.

ಬಿರಡೆ ತಿರುವಿ ಶ್ರುತಿ ಕೂಡಿಸಿ ಮೀಟಿದ. ನೆಲ ಗುಂಯ್ ಎಂದಿತು. ಖೇರಾ ಕಣ್ಣು ಮುಚ್ಚಿ ಆ ಸ್ವರದೊಳಕ್ಕೆ ಇಳಿದಳು. ಆ ತಂತಿಯೊಂದು ಕಿತ್ತುಹೋದರೆ ಎಲ್ಲ ಮುಗಿದಂತೆ ಎಂದು ನಾನು ದರ್ಬೂಕಾವನ್ನು ಮೆಲ್ಲಗೆ ತಟ್ಟುತ್ತಿದ್ದೆ. ಅವನ ಕೈ ಆ ಒಂಟಿ ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಿ ಬೆರಳು ಸುಲಿಯಿತು. ಹುಡುಗಿ ಮೆಲ್ಲಗೆ ಕೂತಳು.

ಹಾಡು ಮುಗಿದರೂ ಖೇರಾ ಮೈಕು ಬಿಡಲಿಲ್ಲ. ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ನಿಂತಿದ್ದಳು. ಕಸಿಯಲು ಬೆನೌದಾನೂ ಹತ್ತಿರ ಹೋಗಲಿಲ್ಲ.

ಐದು ತಂತಿ ಎನ್ನುವವರಿಗೆಲ್ಲ ಇದನ್ನು ಕಳಿಸಿ. ಒಂದೇ ಇತ್ತು, ನೋಡಿದ ಮುದುಕ ಇನ್ನೂ ಬದುಕಿದ್ದಾನೆ ಅಂತ ಹೇಳಿ.