ಎಲೆ ಕೊಟ್ಟ ಕೈ

ಹೆಗ್ಗಡದೇವನಕೋಟೆಯಲ್ಲಿ ಶಿವನಂಜಪ್ಪನವರ ಅಂಗಡಿಗೆ ಹೋದವರು ಎರಡು ಸುದ್ದಿ ಕೇಳದೆ ಹಿಂದಿರುಗುವಂತಿರಲಿಲ್ಲ. ಒಂದು, ಈ ಸಲ ಕಾಕನಕೋಟೆ ಕಡೆಯ ಜೇನು ಬಲು ಚೆನ್ನಾಗಿದೆ. ಇನ್ನೊಂದು, ಮಗಳು ನೀಲಾಂಬಿಕೆ ಮೈಸೂರಿನಲ್ಲಿ ಎಲ್‌ಎಲ್.ಎಂ. ಓದುತ್ತಿದ್ದಾಳೆ.

"ವ್ಯಾಪಾರದ ಕಾನೂನೇ ಕಣ್ರೀ! ವಕೀಲರಿಗೇ ಪಾಠ ಹೇಳೋ ಓದು!"

ಆ ಮಗಳು ರಜೆಗೆ ಬಂದು ಅಂಗಡಿಯ ಜಗಲಿಯಲ್ಲಿ ಪುಸ್ತಕ ಬಿಡಿಸಿ ಕೂತಿದ್ದಾಗ, ಕಾಡಂಚಿನ ಹಾಡಿಯ ನಿಂಗಿ ಗೋಡೆ ಸವರಿಕೊಂಡು ಬಂದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಗಂಡ ಕರಿಯ ಅತ್ತ ಜೇನು ತುಂಬಿದ ಸೋರೆಬುರುಡೆಗಳನ್ನು ಇಳಿಸುತ್ತಿದ್ದ.

"ಅವ್ವಾ, ಸೊಸೈಟಿಯೋರು ಜೇನಿಗೆ ದುಪ್ಪಟ್ಟು ಕೊಡ್ತಾರಂತೆ. ಅಲ್ಲಿಗಾಕಿದ್ರೆ ಮೈಸೂರ್ಗೋಗಿ ಪೊರೆ ತೆಗಿಸ್ಕಬೋದಿತ್ತು. ಇವ ಕೇಳಾಕಿಲ್ಲ. ಓದಿರೋರು, ನೀವಾರ ಇವಂಗೆ ಒಂದ್ ಮಾತ್ ಏಳಿ."

ನೀಲಾಂಬಿಕೆ ಎದ್ದು ಅವನ ಬಳಿಗೆ ಹೋದಳು. "ಕರಿಯಣ್ಣ, ಬೇರೆ ಯಾರಿಗೂ ಮಾರಬಾರದು ಅಂತ ನಿನ್ನನ್ನ ಕಟ್ಟಿಹಾಕಿರೋದು ಕೋರ್ಟಿನಲ್ಲಿ ನಿಲ್ಲೋದಿಲ್ಲ. ನಿನ್ನ ಜೇನು, ನಿನ್ನಿಷ್ಟ."

ಕರಿಯ ನಕ್ಕ. "ಕೋರ್ಟ್ನಾಗೆ ನಿಲ್ದಿದ್ರೆ ಬುಡಿ, ನಾನ್ ನಿಂತಿವ್ನಲ್ಲ. ಎಲೆ ಈಸ್ಕಂಡಿವ್ನಿ ಕಣವ್ವ. ಯುಗಾದಿ ದಿನ ನೀವೇ ಕೊಟ್ರಲ್ಲಾ?"

ಜೇನಿನ ಕಾಲ ಶುರುವಾಗುವಾಗ ಅಂಗಡಿಯಿಂದ ಎಲೆ-ಅಡಿಕೆ ಪಡೆದವನು ಆ ವರ್ಷದ ಜೇನನ್ನೆಲ್ಲ ಅಲ್ಲಿಗೇ ತರಬೇಕು. ಅದು ಅಲ್ಲಿನ ವಾಡಿಕೆ. ಮಗಳ ಕೈಗುಣ ಒಳ್ಳೆಯದೆಂದು ಶಿವನಂಜಪ್ಪನವರು ಅವಳು ಲಂಗ ಉಡುವ ವಯಸ್ಸಿನಿಂದಲೂ ಎಲೆ-ಅಡಿಕೆಯ ತಟ್ಟೆಯನ್ನು ಅವಳಿಂದಲೇ ಹಿಡಿಸುತ್ತಿದ್ದರು. ಈ ಯುಗಾದಿಗೂ, 'ಮುಕ್ತ ಸಮ್ಮತಿ' ಎಂಬ ಪ್ರಬಂಧವನ್ನು ಅರ್ಧಕ್ಕೆ ಬಿಟ್ಟು ಬಂದು, ಏನೂ ಯೋಚಿಸದೆ ಕೊಟ್ಟಿದ್ದಳು.

"ಅಪ್ಪಾ, ಇವರನ್ನ ಬಿಟ್ಟುಬಿಡಿ," ಎಂದಳು, ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ತಂದೆಗೆ.

"ನಾನೇನು ಕತ್ತು ಹಿಡ್ಕಂಡಿದ್ದೀನಾ?" ಶಿವನಂಜಪ್ಪನವರಿಗೆ ನಿಜಕ್ಕೂ ನೋವಾಗಿತ್ತು. "ಮಳೆಗಾಲದಲ್ಲಿ ಒಲೆ ಹತ್ತದಾಗ ರಾಗಿ ಅಳೆದೋನು ಯಾರು? ಸೊಸೈಟಿ ಅಳೀತದಾ? ಕೇಳು ಅವ್ನನ್ನೇ."

"ದಿಟ ಕಣವ್ವ, ಬುದ್ಧಿಯೋರೇ ಕೊಟ್ಟಿದ್ದು," ಎಂದ ಕರಿಯ, ತಲೆ ತಗ್ಗಿಸಿ.

ನಿಂಗಿ ಮಾತ್ರ ಮುಖವನ್ನು ನೀಲಾಂಬಿಕೆಯತ್ತಲೇ ಹಿಡಿದು ಕಾಯುತ್ತಿದ್ದಳು.

ಅಷ್ಟರಲ್ಲಿ ಕರಿಯನ ತಮ್ಮ ಈರ ಬಂದ. ಕೊಡಗಿನ ತೋಟದ ಕೂಲಿಗೆ ಹೋಗಿದ್ದವನು ಈಗಷ್ಟೇ ಮರಳಿದ್ದ. ಈ ವರ್ಷ ಇನ್ನೂ ಎಲೆ ಪಡೆದಿರಲಿಲ್ಲ.

"ಬಾರ್ಲಾ ಈರ! ನೀಲಾ, ತಟ್ಟೆ ತಗೊಂಬಾಮ್ಮ."

ಅವಳು ಒಳಗೆ ಹೋಗಿ ತಟ್ಟೆ ತಂದಳು. ಅದರಲ್ಲಿ ಬೆಲ್ಲವಿತ್ತು, ನೀರಿನ ಲೋಟವಿತ್ತು.

"ಎಲೆ ಎಲ್ಲಮ್ಮ?"

"ನನ್ನ ಕೈಯಲ್ಲಿ ಇನ್ನು ಆಗಲ್ಲ ಅಪ್ಪಾ."

ಶಿವನಂಜಪ್ಪನವರು ತಾವೇ ಒಳಗೆ ಹೋಗಿ ಎಲೆ-ಅಡಿಕೆ ತಂದು ಚಾಚಿದರು. ಈರ ಬೆಲ್ಲ ಹಿಡಿದ ಕೈಯನ್ನು ಮುಂದೆ ತರಲಿಲ್ಲ. ನೀಲಾಂಬಿಕೆಯನ್ನು ನೋಡಿದ, ಅತ್ತಿಗೆಯನ್ನು ನೋಡಿದ.

"ವರ್ಸಾವರ್ಸ ಅವ್ವನ ಕೈಯಿಂದ್ಲೇ ಈಸ್ಕಂಡಿರೋದು ಬುದ್ಧಿ. ಅವ್ರು ಕೊಟ್ಟಾಗ ಈಸ್ಕತೀನಿ, ಬುಡಿ."

ಶಿವನಂಜಪ್ಪನವರ ಕೈ ಹಾಗೇ ನಿಂತಿತು.

ಕರಿಯ ಮಾತ್ರ ತಲೆಯೆತ್ತದೆ ತನ್ನ ಜೇನನ್ನು ಅಂಗಡಿಯ ಡಬ್ಬಕ್ಕೆ ಸುರಿಯುತ್ತಲೇ ಇದ್ದ. ನೀಲಾಂಬಿಕೆ ಅದನ್ನು ನೋಡುತ್ತ ನಿಂತಳು. ತಡೆಯುವ ದಾರಿ ಅವಳಿಗೆ ತಿಳಿಯಲಿಲ್ಲ. ಜೇನಿನ ಕೊನೆಯ ಎಳೆಯೂ ಇಳಿದ ಮೇಲೆ ನಿಂಗಿ ಬಗ್ಗಿ, ನೆಲದ ಮೇಲೆ ತಡಕಾಡಿ, ಹಗುರಾದ ಬುರುಡೆಗಳನ್ನು ಒಂದೊಂದಾಗಿ ಎತ್ತಿಕೊಂಡಳು.