ಎರಡೇ ಕೈ

ಹಿತ್ತಲಿನಲ್ಲಿ ಯಾರೋ ತೊಗರಿಕಟ್ಟಿಗೆ ಮುರಿಯುತ್ತಿದ್ದಾರೆ, ಲಟ್ ಲಟ್, ನೀರು ಸಾಕು ಇನ್ನು ಕಾಯಿಸಬೇಡಿ ಎಂದು ಹೇಳಬೇಕು ಅಂದುಕೊಂಡಳು ಹೆರಿಗೆಗೆ ಬಂದ ನರ್ಸು ದ್ರೌಪದಿ, ಹೇಳಲಿಲ್ಲ, ಬಾಯಿ ತೆರೆದರೆ ಕೈಯ ಬಲ ಬಾಯಿಂದ ಸೋರಿಹೋದೀತು ಅನ್ನಿಸಿತು — ಬಲಗೈ ಮುಷ್ಟಿ ಕಟ್ಟಿಕೊಂಡು ಈಗಷ್ಟೇ ಹೆತ್ತ ಸುಮಿತ್ರಾಬಾಯಿಯ ಒಳಗಿದೆ, ಎಡಗೈ ಹೊಟ್ಟೆಯ ಮೇಲೆ, ಎರಡರ ನಡುವೆ ಗರ್ಭಕೋಶ, ನೀರು ಹೆಚ್ಚಾದ ಹಿಟ್ಟಿನಂತೆ ಮೆತ್ತಗೆ, ಗಟ್ಟಿಯಾಗಲೊಲ್ಲದು, ಮೊಣಕೈವರೆಗೆ ರಕ್ತ ಬೆಚ್ಚಗೆ ಇಳಿಯುತ್ತಿದೆ. ಕೂಸಿನ ಹಿಂದೆಯೇ ಮಾಸು ಜಾರಿತು, ಮಾಸಿನ ಹಿಂದೆಯೇ ರಕ್ತ, ಹೊಕ್ಕಳಬಳ್ಳಿ ಕತ್ತರಿಸಿ ಕೂಸನ್ನು ಮೊರದಲ್ಲಿ ಹಾಕುವಷ್ಟೇ ವ್ಯವಧಾನ ಸಿಕ್ಕಿದ್ದು, ಗಂಡುಮಗು, ನೀಲಿ, ಅಳಲಿಲ್ಲ. ಚೀಲದಲ್ಲಿ ರಕ್ತ ನಿಲ್ಲಿಸುವ ಸೂಜಿಮದ್ದಿನ ಬಾಟಲಿ ಇದೆ, ಖಾಲಿ, ಲಡಾಯಿ ಶುರುವಾಗಿ ಮದ್ದು ಬರುವುದು ನಿಂತಾಗಿನಿಂದ ಖಾಲಿ, ಆದರೂ ಹೊತ್ತು ತರುತ್ತಾಳೆ, ಬಾಟಲಿ ಕಂಡರೆ ಬಾಣಂತಿಯ ಮನೆಯವರಿಗೆ ಧೈರ್ಯ. ಸುಮಿತ್ರಾಬಾಯಿಯ ತಾಯಿ ಗುರುಬಾಯಿ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಮುಟ್ಟಲು ಹೆದರಿಕೆ, ದ್ರೌಪದಿ ಬಾಯಿ ತೆರೆಯಲೇಬೇಕಾಯಿತು — ಮುಟ್ರಿ ಅವ್ವಾರ, ತಲಿ ಕೆಳಗ ಮಾಡಿ ಹಿಡೀರಿ, ಬಾಯಾಗಿನ ಲೋಳಿ ಬೆರಳೀಲೆ ತೆಗೀರಿ, ಬೆನ್ನ ತಿಕ್ಕ್ರಿ. ಮುದುಕಿ ಬೆರಳು ಹಾಕಿದಳು, ಲೋಳೆ ಬಂತು, ಉಸಿರು ಬರಲಿಲ್ಲ, ಅಳವಲ್ದರಿ ನರ್ಸಬಾಯಿ, ನೀವ ಬರ್ರಿ, ಒಂದ್ ಗಳಿಗಿ ಬಂದು ನೋಡ್ರಿ. ಒಂದು ಗಳಿಗೆ. ಅಷ್ಟೇ ಬೇಕು ಕೂಸಿಗೆ, ಅಷ್ಟೇ ಸಾಕು ಬಾಣಂತಿಗೂ ಹೋಗಿಬಿಡಲು, ಪರೀಕ್ಷೆಗೆಂಬಂತೆ ಎಡಗೈ ತುಸು ಸಡಿಲಿಸಿದಳು, ತಕ್ಷಣ ಒಳಗಿನಿಂದ ಬಿಸಿ ಉಕ್ಕಿತು, ಮತ್ತೆ ಒತ್ತಿದಳು, ಸುಮಿತ್ರಾಬಾಯಿಯ ತುಟಿ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಮೊದಲು ತಾಯಿ, ಆಮೇಲೆ ಕೂಸು, ಗಿಡ ಉಳಿದರೆ ಕಾಯಿ ಮತ್ತೆ ಬಿಡುತ್ತದೆ — ಹೈದರಾಬಾದಿನಲ್ಲಿ ನರ್ಸಿನ ಕೆಲಸ ಕಲಿಸಿದ ಮೆಹರಾಜಬೇಗಂ ದಿನವೂ ಹೇಳುತ್ತಿದ್ದ ಮಾತು, ಉಳಿದವರೆಲ್ಲ ತಲೆಯಾಡಿಸುತ್ತಿದ್ದರು, ಗಿಡ ಒಣಗಿ ಕಾಯಿ ಉಳಿದರೆ ಏನನ್ನಬೇಕು ಎಂದು ಕೇಳುವ ಆಸೆ ದ್ರೌಪದಿಯೊಬ್ಬಳಿಗೇ ಇತ್ತು, ಕೇಳಲಿಲ್ಲ, ಏಕೆಂದರೆ ಆ ಕಾಯಿ ತಾನೇ.

ಅವಳು ಬೆಳೆದದ್ದು ಅಫಜಲಪುರದ ಕಡೆ, ಭೀಮಾ ದಂಡೆಯ ಊರು, ಸಾಕಿದ ಸೋದರತ್ತಿ ತಲೆ ಬಾಚಿ ಹೆಣಲು ಹಾಕುತ್ತಾ ಹೇಳುವಳು, ನಿನ್ನ ಎತ್ತಗೊಂಡ್ರು, ನಿಮ್ಮವ್ವನ್ನ ಬಿಟ್ರು, ಸೂಲಗಿತ್ತಿಗಿ ಎರಡ ಕೈ ಇದ್ವು, ಎರಡೂ ನಿನ್ನ ಮ್ಯಾಲ ಇದ್ವು — ಸಿಟ್ಟಿಲ್ಲ, ದುಃಖವಿಲ್ಲ, ಇವತ್ತು ಸಂತೆ ಇದೆ ಅನ್ನುವ ಹಾಗೆ ಹೇಳಿ ಹೆಣಲಿನ ತುದಿಗೆ ಗಂಟು ಬಿಗಿಯುವಳು. ಅಪ್ಪ ಎಂದೂ ಇವಳ ಮುಖ ನೇರ ನೋಡಿದವನಲ್ಲ, ಉಣ್ಣುವಾಗ ರೊಟ್ಟಿಯ ಜೊತೆ ಮಾತಾಡುವವನು, ಅವನ ಕಣ್ಣಿನಲ್ಲಿ ಲೆಕ್ಕ ತಪ್ಪಿದ್ದು ಯಾರದು, ತಾನು ಅತ್ತದ್ದೇ ತಪ್ಪೇ, ಅಳದಿದ್ದರೆ ಆ ಸೂಲಗಿತ್ತಿ ತಿರುಗಿ ನೋಡುತ್ತಿದ್ದಳೇ. ಊದ್ರಿ ಅವ್ವಾರ, ಬಾಯಿಗಿ ಬಾಯಿ ಹಚ್ಚಿ ಊದ್ರಿ, ಮೆತ್ತಗ. ಗುರುಬಾಯಿ ಊದಿದಳು, ಊದಿ ಅತ್ತಳು, ಅತ್ತು ಹೇಳಿದಳು, ಮೊದಲಿನವೆರಡೂ ಹ್ವಾದವು, ಇದೂ ಹ್ವಾದರ ಆಳಂದದ ಬೀಗರು ಇಕೀನ್ನ ಕರಕೊಂಡ ಹೋಗಂಗಿಲ್ಲರಿ, ಅಳಿಯಗ ಬ್ಯಾರೆ ಹೆಣ್ಣ ನೋಡಿ ಇಟ್ಟಾರ. ಹಾಗಾದರೆ ತಾನು ಉಳಿಸುತ್ತಿರುವುದು ಏನನ್ನು, ಯಾರ ಮನೆಗೆ, ಬಾಗಿಲಾಚೆ ಕೂತ ಅಳಿಯ ಶಾಂತಲಿಂಗಪ್ಪ ಒಮ್ಮೆ ಕೆಮ್ಮಿದ, ಕೂಸಿನ ದನಿಗಾಗಿ ಕಿವಿಗೊಟ್ಟ ಕೆಮ್ಮು ಅದು. ಆಗ ಸುಮಿತ್ರಾಬಾಯಿ ಕಣ್ಣು ತೆರೆಯದೆ, ನಿದ್ದೆಯಲ್ಲಿ ನೀರು ಕೇಳುವ ಹಾಗೆ,

— ನನ್ನ ಬಿಡ್ರಿ ಅಕ್ಕಾ. ಅದನ್ನ ನೋಡ್ರಿ.

ಅವ್ವನೂ ಹೀಗೇ ಅಂದಿದ್ದಳೇ, ಇದೇ ದನಿಯಲ್ಲಿ, ಅತ್ತಿ ಅದನ್ನು ಹೇಳಲಿಲ್ಲ, ಅವಳಿಗೆ ಕೇಳಿಸಿರಲಿಲ್ಲವೋ, ಕೇಳಿಸಿ ನುಂಗಿಕೊಂಡಳೋ, ಅವ್ವ ಅಂದಿದ್ದರೆ ಸೂಲಗಿತ್ತಿ ಅವಳ ಮಾತು ಕೇಳಿದಂತಾಯಿತು, ತಾನು ಕೇಳುತ್ತಿಲ್ಲ, ತೋಳು ಸೋಲುತ್ತಿದೆ, ಹೆಗಲಿನಿಂದ ಬೆರಳಿನವರೆಗೆ ಉರಿ, ಬಿಡುವುದಿಲ್ಲ, ಬೇಕಾದರೆ ಬೈದುಕೋ, ಬಿಡುವುದಿಲ್ಲ — ಮುಷ್ಟಿಯ ಸುತ್ತ ಏನೋ ಅಲುಗಿತು, ಬಿಗಿಯಿತು, ಒಳಗಿನಿಂದ ಯಾರೋ ಕೈ ಹಿಡಿದಂತೆ, ಗರ್ಭಕೋಶ ಗಟ್ಟಿಯಾಯಿತು, ತೆಂಗಿನಕಾಯಿಯಷ್ಟು ಗಟ್ಟಿ, ರಕ್ತ ನಿಂತಿತು. ಕೈ ಹೊರಗೆಳೆದವಳೇ ಮೊರದ ಕಡೆ ಮೊಣಕಾಲಲ್ಲೇ ಹೋದಳು, ಮುದುಕಿಯನ್ನು ಸರಿಸಿ ತಾನು ಊದಿದಳು, ಎದೆ ಏರಿತು, ಅದು ತನ್ನದೇ ಗಾಳಿ, ಇಳಿಯಿತು, ಮತ್ತೆ ಊದಿದಳು, ಕಿವಿಯಿಟ್ಟಳು, ತನ್ನ ಗುಂಡಿಗೆಯ ಸದ್ದೇ ಕೇಳಿಸಿತು, ಅಂಗಾಲು ತಣ್ಣಗಿತ್ತು, ಅದು ಗೊತ್ತಿದ್ದೂ ಊದುತ್ತಲೇ ಇದ್ದಳು, ಗುರುಬಾಯಿಯೇ ಭುಜ ಮುಟ್ಟಿ ಸಾಕ್ರಿ ಎಂದಳು.

ಎಡಗೈಯಿಂದ ಕೂಸನ್ನು ಬಟ್ಟೆಯಲ್ಲಿ ಸುತ್ತುವಾಗ ಹಿಂದಿನಿಂದ ಕೊಡ್ರಿ ಎಂಬ ಮಾತು. ಗುರುಬಾಯಿ ಬೇಡವೆಂದು ತಲೆಯಾಡಿಸಿದಳು, ದ್ರೌಪದಿ ಕೊಟ್ಟಳು. ಸುಮಿತ್ರಾಬಾಯಿ ಅದನ್ನು ತೋಳಿನ ಸಂದಿನಲ್ಲಿ ಮಲಗಿಸಿಕೊಂಡು ಮುಖ ನೋಡಿದಳು, ತುಂಬಾ ಹೊತ್ತು, ಅಳಲಿಲ್ಲ, ಆಮೇಲೆ ತಲೆಯೆತ್ತಿ ದ್ರೌಪದಿಯ ಕಡೆ.

— ನಾ ಹೇಳಿದ್ದೆ ನಿಮಗ.

ಹೌದು ತಂಗಿ, ಹೇಳಿದ್ದಿ, ದ್ರೌಪದಿ ಮನಸ್ಸಿನಲ್ಲೇ ಅಂದುಕೊಂಡಳು, ಬದುಕಿದ್ದೀ ನೀನು, ನನಗೆ ಬೈಯಲಾದರೂ ಇದ್ದೀಯಲ್ಲ, ನಾನು ಬೈಯಬೇಕೆಂದರೆ ಆ ಸೂಲಗಿತ್ತಿ ಎಲ್ಲಿ, ಅವ್ವ ಎಲ್ಲಿ, ಆಡಿನ ಹಾಲಿನಲ್ಲಿ ಅರಳೆ ಅದ್ದಿ ನನ್ನ ಬಾಯಿಗಿಡುತ್ತಿದ್ದಳಂತೆ ಅತ್ತಿ, ಊರವರು ಇದು ಬದುಕಲಾರದು ಅಂದರಂತೆ, ಬದುಕಿದೆ, ಬದುಕಿ ಇಲ್ಲಿ ಕೂತಿದ್ದೇನೆ, ಹೊರಗೆ ಶಾಂತಲಿಂಗಪ್ಪ ಎದ್ದು ಚಪ್ಪಲಿ ಮೆಟ್ಟಿದ ಸದ್ದು, ಗಾಡಿ ಹೂಡಲು ಹೇಳಿದ ಸದ್ದು, ಒಳಗೆ ಬರಲಿಲ್ಲ ಅವನು, ಎತ್ತಿನ ಕೊರಳಗಂಟೆ ಆಳಂದದ ದಾರಿ ಹಿಡಿಯಿತು, ಸುಮಿತ್ರಾಬಾಯಿಗೆ ಅದು ಕೇಳಿಸಿತೋ ಇಲ್ಲವೋ, ಕುಪ್ಪಸದ ಗಂಟು ಬಿಚ್ಚಿದಳು, ಕೂಸಿನ ಮುಖ ಎದೆಗೆ ತಂದಳು, ಬೇಡ ಅನ್ನಬೇಕು, ಅನ್ನಲಾರೆ, ಎದೆ ತಾನಾಗಿ ಒಸರಿತು, ಮೊದಲ ಹಾಲು, ಹಳದಿ, ದಪ್ಪ, ಒಂದೇ ಹನಿ, ಮುಚ್ಚಿದ ತುಟಿಯ ಮೇಲೆ ಬಿದ್ದು ಅಲ್ಲೇ ನಿಂತಿತು, ಗಲ್ಲಕ್ಕೆ ಜಾರಲಿಲ್ಲ, ಒಳಗೆ ಹೋಗಲಿಲ್ಲ, ಒರೆಸಲೆಂದು ದ್ರೌಪದಿ ಬಲಗೈ ನೀಡಿದಳು, ಅದು ಇನ್ನೂ ಮುಷ್ಟಿಯಾಗಿಯೇ ಇತ್ತು, ಬಿಚ್ಚಲಿಲ್ಲ, ಹನಿ ತುಟಿಯ ಮೇಲೆ, ಹಳದಿ, ತುಟಿ ಮುಚ್ಚಿದೆ, ಹನಿ ಅಲ್ಲೇ